ಡಂಗುರ ಸಾರುವವರೆಗೆ

ವಿದ್ಯಾರ್ಥಿನಿಲಯ, ಅಕ್ವಾಪಿಮ್ ಬೆಟ್ಟ
9 ಫೆಬ್ರವರಿ 1997

ಪ್ರೀತಿಯ ಅಮ್ಮನಿಗೆ,

ತಿಂಡಿಪೆಟ್ಟಿಗೆ ತಲುಪಿತು. ಮೀನಿನ ಖಾರದ ಡಬ್ಬಿಯ ಮುಚ್ಚಳ ಸಡಿಲವಾಗಿ ಮರಗೆಣಸಿನ ಹಿಟ್ಟಿಗೆಲ್ಲ ಎಣ್ಣೆ ಇಳಿದಿತ್ತು. ಆದರೂ ಎರಡೇ ದಿನಕ್ಕೆ ಎಲ್ಲ ಖಾಲಿ. ನಾನೊಬ್ಬಳೇ ಮುಕ್ಕಿದೆ ಎಂದುಕೊಳ್ಳಬೇಡ, ಈ ಸಲ ಜೊತೆಗೆ ಕೂತು ತಿನ್ನುವವರಿದ್ದರು.

ಹೋದ ವರ್ಷವೆಲ್ಲ ನಾನು ಊಟದ ಮನೆಯ ಕೊನೆಯ ಮೇಜಿನಲ್ಲಿ ಗೋಡೆ ನೋಡಿಕೊಂಡು ಉಂಡದ್ದು ನಿನಗೆ ಗೊತ್ತಿಲ್ಲ, ನಾನು ಬರೆದಿರಲಿಲ್ಲ. ಇಲ್ಲಿ ಎಲ್ಲರ ಮನೆಯಲ್ಲೂ ಎರಡೆರಡು ಕಾರು, ಎಲ್ಲರೂ ರಜೆಗೆ ಲಂಡನ್ನಿಗೆ ಹೋಗಿ ಬಂದವರು. ಶಾಲೆಯ ನಿಯಮದಂತೆ ನಮ್ಮೆಲ್ಲರ ಕೂದಲನ್ನೂ ಬೆರಳಿಗೆ ಸಿಗದ ಹಾಗೆ ಕತ್ತರಿಸಿದ್ದಾರೆ, ಆದರೂ ಅರಬಾಳ ಕಪಾಟಿನಲ್ಲಿ ಐದು ಥರದ ಶಾಂಪೂ ಇದೆ. ಅರಬಾ ನಮ್ಮ ತರಗತಿಯ ರಾಣಿ, ಅವಳ ಅಪ್ಪ ಇಟಲಿಯಿಂದ ಟೈಲ್ಸ್ ತರಿಸುವ ದೊಡ್ಡ ವ್ಯಾಪಾರಿ. ಅವಳ ಮೇಜಿನಲ್ಲಿ ಏಳು ಜನ ಕೂರುತ್ತಾರೆ. ಆ ಏಳನೆಯವಳು ಈಗ ನಾನು.

ಹೋದ ತಿಂಗಳು ಭೇಟಿಯ ಭಾನುವಾರ ಮಾವ ಬಂದರಲ್ಲ, ಅವತ್ತಿನಿಂದ ಹೀಗೆ. ಮುಂದೆ ಚಿನ್ನದ ತಗಡಿನ ಕೋಲು ಹಿಡಿದು ಮಾವನ ಪರವಾಗಿ ಮಾತಾಡುವ ಮಾತುಗಾರರು, ಹಿಂದೆ ಛತ್ರಿಯವನು. ನಮ್ಮ ಮುಖ್ಯೋಪಾಧ್ಯಾಯಿನಿ ಚಪ್ಪಲಿ ಬಿಟ್ಟು ಬಗ್ಗಿದ್ದನ್ನು ಇಡೀ ಶಾಲೆ ಕಿಟಕಿಯಿಂದ ನೋಡಿತು. ಮರುದಿನವೇ ಅರಬಾ ನನ್ನ ಹತ್ತಿರ ಬಂದು ನೀನು ಅರಸರ ತಂಗಿಯ ಮಗಳು ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಏಪ್ರಿಲ್ ರಜೆಯ ಅಡೆ ಹಬ್ಬಕ್ಕೆ ಆ ಆರು ಜನರನ್ನೂ ನಮ್ಮ ಎಸೆನ್‌ಕ್ರೊಮ್ ಅರಮನೆಗೆ ಕರೆದಿದ್ದೇನೆ. ಮಾವ ಆಗಲೇ ಹೂಂ ಎಂದಿದ್ದಾರೆ. ನೀನು ಬೇಡ ಎನ್ನಬೇಡ.

ಇನ್ನೊಂದು ತಮಾಷೆ ಹೇಳಬೇಕು. ನಮ್ಮ ತರಗತಿಯಲ್ಲಿ ಲಮಿಲೆ ಕ್ವಾರ್ಟೆ ಅಂತ ಒಬ್ಬಳಿದ್ದಾಳೆ, ಟೆಶಿಯವಳು. ಅವಳ ಅಪ್ಪನಿಗೆ ಶವಾಗಾರ, ಶವದ ಗಾಡಿ, ಹೆಣ ಕೆಡದ ಹಾಗೆ ಇಡುವ ಪೆಟ್ಟಿಗೆಗಳ ವ್ಯಾಪಾರ. ದುಡ್ಡೇನೋ ಅರಬಾಳ ಮನೆಯವರಿಗಿಂತ ಹೆಚ್ಚೇ ಇದೆಯಂತೆ, ಆದರೆ ಅವಳ ಮನೆಯ ತಿಂಡಿ ಯಾರೂ ಮುಟ್ಟುವುದಿಲ್ಲ. ಊಟದ ಮನೆಯ ಮೇಲ್ವಿಚಾರಣೆ ಅವಳದು. ನಾನು ಅರಬಾಳ ಮೇಜಿಗೆ ಬಂದ ಮೊದಲ ದಿನ ಅವಳು ಬಡಿಸಲು ಬಂದಾಗ, “ಫ್ರಿಜ್ ಬಂತು, ಕಿಟಕಿ ಹಾಕ್ಕೊಳ್ರೇ, ಚಳಿ ಆಗುತ್ತೆ” ಅಂದೆ. ಮುನ್ನೂರು ಜನ ನಕ್ಕರು. ಈಗ ಶಾಲೆಯೆಲ್ಲ ಅವಳನ್ನು ಹಾಗೇ ಕರೆಯುತ್ತದೆ. ನಾನು ಇಷ್ಟು ಜನರನ್ನು ನಗಿಸಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ.

ಮಾವನಿಗೆ ಪತ್ರಿಕೆ ಓದಿ ಹೇಳಲು ಈಗ ಯಾರಿದ್ದಾರೆ? ಕನ್ನಡಕ ಜೇಬಿನಲ್ಲೇ ಇಟ್ಟುಕೊಂಡು ಕಳೆದಿದೆ ಅನ್ನುತ್ತಾರೆ, ನಂಬಬೇಡಿ.

ನಿನ್ನ ಮಗಳು,
ದುಫಿಯೆ

*

ಎಸೆನ್‌ಕ್ರೊಮ್
27 ಫೆಬ್ರವರಿ 1997

ಮಗಳೇ,

ಇದನ್ನು ಅಂಚೆಗೆ ಹಾಕದೆ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಗೇಟಿನ ಹತ್ತಿರ ಕಾಯುತ್ತಾನೆ. ಓದಿ ಅವನಿಗೇ ವಾಪಸ್ಸು ಕೊಡು. ಓದುವಾಗ ಅವನ ಮುಂದೆ ನಿಲ್ಲಬೇಡ, ಮರದ ಕಡೆ ಹೋಗು.

ನಿನ್ನ ಮಾವ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ನೋವೇನೂ ಆಗಲಿಲ್ಲ. ಗಂಜಿ ಕುಡಿದು ಬಟ್ಟಲನ್ನು ಕೈಗೆ ಕೊಟ್ಟರು, ನಾನು ಅದನ್ನು ತೊಳೆದು ಬರುವಷ್ಟರಲ್ಲಿ ಹೋಗಿದ್ದರು.

ಕಟ್ಟಳೆ ನಿನಗೆ ಗೊತ್ತು. ಹಿರಿಯರು ಕೂತು ಮಾತಾಡಿ ಡಂಗುರ ಸಾರುವವರೆಗೆ ಅರಸರು ಬದುಕಿದ್ದಾರೆ. ಯಾರಾದರೂ ಕೇಳಿದರೆ ಸ್ವಲ್ಪ ಹುಷಾರಿಲ್ಲ, ವಿಶ್ರಾಂತಿಯಲ್ಲಿದ್ದಾರೆ, ಅಷ್ಟೇ. ಒಂದು ತಿಂಗಳೋ ನಾಲ್ಕೋ ಹೇಳಲಾರೆ. ಪೀಠಕ್ಕೆ ಯಾರು ಎಂದು ಎರಡು ಮನೆಗಳ ನಡುವೆ ಮಾತು ಶುರುವಾಗಿದೆ. ಸುದ್ದಿ ನಿನ್ನ ಬಾಯಿಂದ ಹೊರಬಿದ್ದರೆ ಹಿರಿಯರ ಎದುರು ನಿಲ್ಲಬೇಕಾದವಳು ನಾನು. ನನ್ನಣ್ಣನ ಹೆಸರಿಗೆ ಅದೊಂದು ಅವಮಾನ ಬೇಡ.

ಆದ್ದರಿಂದ ಕಪ್ಪು ಉಡಬೇಡ. ಊಟ ಬಿಡಬೇಡ. ನಾಲ್ಕು ಜನರೆದುರು ಕಣ್ಣೀರು ಹಾಕಬೇಡ. ನಾನೂ ಇವತ್ತು ಹಳದಿ ಬಟ್ಟೆ ಉಟ್ಟು ಸಂತೆಗೆ ಹೋಗಿ ಟೊಮೇಟೊ ಚೌಕಾಸಿ ಮಾಡಿ ಬಂದೆ.

ನಿನ್ನ ಗೆಳತಿಯರು ಹಬ್ಬಕ್ಕೆ ಬರುವುದು ಆಗದ ಮಾತು. ಬೇಡ ಎಂದು ಹೇಳು, ಕಾರಣ ಹೇಳಬೇಡ. ನಿಜವಾದ ಗೆಳತಿಯರಾದರೆ ಕಾರಣ ಕೇಳುವುದಿಲ್ಲ.

ಗಟ್ಟಿ ಮನಸ್ಸು ಮಾಡಿಕೋ.

ನಿನ್ನ ತಾಯಿ,
ಬಿರಾಗೊ

*

ವಿದ್ಯಾರ್ಥಿನಿಲಯ
16 ಮಾರ್ಚ್ 1997

ಅಮ್ಮಾ,

ಇದನ್ನೂ ಡ್ರೈವರ್ ಕೈಯಲ್ಲೇ ಕೊಡುತ್ತೇನೆ. ನೀನು ಹೇಳಿದ ಹಾಗೆಯೇ ನಡೆದುಕೊಂಡಿದ್ದೇನೆ. ಉಂಡಿದ್ದೇನೆ, ನಕ್ಕಿದ್ದೇನೆ, ಒಂದು ದಿನ ಹಾಡಿನ ಸ್ಪರ್ಧೆಯಲ್ಲಿ ಚಪ್ಪಾಳೆ ಕೂಡ ತಟ್ಟಿದೆ. ಮಾವ ಇಲ್ಲ ಅನ್ನುವುದು ಹಗಲೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತದೆ. ಗಣಿತದ ಮೇಡಂ ಏನಾದರೂ ಕೇಳಿದರೆ ಅದೇ ಬಾಯಿಗೆ ಬಂದುಬಿಡುತ್ತದೇನೋ ಎಂದು ಹೆದರಿ ಬೋರ್ಡಿಗೇ ಹೋಗಿ ಉತ್ತರ ಬರೆಯುತ್ತೇನೆ.

ಹಬ್ಬಕ್ಕೆ ಕರೆಯಲು ಆಗುವುದಿಲ್ಲ ಎಂದೆ. ಆರು ಜನವೂ ಕಾರಣ ಕೇಳಿದರು. ಅರಬಾ ಆಗಲೇ ಹಬ್ಬಕ್ಕೆ ಬಟ್ಟೆ ಹೊಲಿಸಿದ್ದಳಂತೆ, ಅಪ್ಪನಿಗೆ ಹೇಳಿ ಕ್ಯಾಮೆರಾ ತರಿಸಿದ್ದಳಂತೆ. ಮಾವನಿಗೆ ಹುಷಾರಿಲ್ಲ ಎಂದರೆ, ಹುಷಾರಿಲ್ಲದ ಅರಸರ ಮನೆಯಲ್ಲಿ ಬೇರೆ ಕೋಣೆಗಳೇ ಇಲ್ಲವೇ ಎಂದಳು. ಎರಡು ದಿನ ಬಿಟ್ಟು ಊಟಕ್ಕೆ ಹೋದಾಗ ನನ್ನ ಜಾಗದಲ್ಲಿ ಬೇರೆಯವಳು ಕೂತಿದ್ದಳು. ಅರಮನೆಯೂ ಇಲ್ಲ ಮಣ್ಣೂ ಇಲ್ಲ, ಅವತ್ತು ಬಂದವರು ಯಾವುದೋ ನಾಟಕದ ಕಂಪನಿಯವರು ಅಂತ ಸುದ್ದಿ ಹಬ್ಬಿಸಿದ್ದಾರೆ. ನಾನು ಮತ್ತೆ ಗೋಡೆ ನೋಡಿಕೊಂಡು ಉಣ್ಣುತ್ತಿದ್ದೇನೆ.

ಇದು ಸಾಲದು ಎಂದು ಆ ಫ್ರಿಜ್ ಬೇರೆ ನನ್ನ ಬೆನ್ನು ಹತ್ತಿದ್ದಾಳೆ. ಶುಕ್ರವಾರ ತಟ್ಟೆಯಲ್ಲಿ ಅನ್ನ ಬಿಟ್ಟೆ ಎಂದು ನನ್ನ ಹೆಸರು ಬರೆದುಕೊಂಡು ಶಿಕ್ಷೆ ಹಾಕಿಸಿದಳು. ಅನ್ನ ಎಲ್ಲರೂ ಬಿಡುತ್ತಾರೆ, ಹೆಸರು ಬರೆದದ್ದು ನನ್ನದೊಂದೇ. ನಿನ್ನೆ ಶನಿವಾರ ಅಡುಗೆಮನೆಯ ಹಿಂದೆ ಕೂತು ಒಂದು ಚೀಲ ಈರುಳ್ಳಿ ಹೆಚ್ಚಬೇಕಾಯಿತು. ಅವಳೂ ಒಂದು ಮಣೆ ಎಳೆದುಕೊಂಡು ನನ್ನೆದುರೇ ಕೂತು ಹೆಚ್ಚತೊಡಗಿದಳು, ನಾನು ಕಳ್ಳಾಟ ಆಡುತ್ತೇನೋ ಎಂದು ನೋಡಲಿಕ್ಕೆ ಇರಬೇಕು. ಐದನೇ ಈರುಳ್ಳಿಗೆ ಕಣ್ಣಲ್ಲಿ ನೀರು ಶುರುವಾಯಿತು. ಆಮೇಲೆ ನಿಲ್ಲಲೇ ಇಲ್ಲ ಅಮ್ಮಾ. ಬಿಕ್ಕಿ ಬಿಕ್ಕಿ ಅತ್ತೆ. ಅಡುಗೆಯವರು ಆಚೆ ಈಚೆ ಓಡಾಡುತ್ತ ಇಬ್ಬರ ಮುಖವನ್ನೂ ನೋಡಿ, ಈ ವರ್ಷದ ಈರುಳ್ಳಿ ಭಾರಿ ಖಾರ ಎಂದು ನಕ್ಕುಕೊಂಡು ಹೋದರು. ಎರಡು ಗಂಟೆಯಲ್ಲಿ ಅವಳು ಆಡಿದ್ದು ಒಂದೇ ಮಾತು, “ನಿಧಾನ ಹೆಚ್ಚು. ಅವಸರ ಏನಿಲ್ಲ.” ಮುಂದಿನ ಶನಿವಾರವೂ ಬರಬೇಕಂತೆ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಅರಬಾ ಒಬ್ಬಳಿಗೆ ಮಾತ್ರ, ಆಣೆ ಹಾಕಿಸಿಕೊಂಡು ಹೇಳಲೇ? ವಿಷಯ ಗೊತ್ತಾದರೆ ಅವಳು ನನ್ನನ್ನು ಮತ್ತೆ ಸೇರಿಸಿಕೊಳ್ಳುತ್ತಾಳೆ. ಯಾರಾದರೂ ಒಬ್ಬರಿಗೆ ಗೊತ್ತಿರಬೇಕು ಅನಿಸುತ್ತದೆ. ಇಲ್ಲದಿದ್ದರೆ ನನ್ನಿಂದ ಆಗುವುದಿಲ್ಲ.

ದುಫಿಯೆ

*

ಎಸೆನ್‌ಕ್ರೊಮ್
24 ಮಾರ್ಚ್ 1997

ದುಫಿಯೆ,

ಬೇಡ. ಅರಬಾಳಿಗೂ ಬೇಡ, ಅವಳ ನೆರಳಿಗೂ ಬೇಡ. ನಿನ್ನ ಕಷ್ಟ ನನಗೆ ಅರ್ಥವಾಗದೆ ಹೇಳುತ್ತಿಲ್ಲ. ನಾನು ದಿನಾ ಬೆಳಿಗ್ಗೆ ಅಣ್ಣನ ಗಂಜಿ ಕಾಯಿಸಿ ಒಳಗೆ ಒಯ್ಯುತ್ತೇನೆ, ಬಾಗಿಲು ಹಾಕಿಕೊಂಡು ನಾನೇ ಕುಡಿದು ಖಾಲಿ ಬಟ್ಟಲು ಹೊರಗೆ ತರುತ್ತೇನೆ. ಅಂಗಳದಲ್ಲಿ ಕೂತವರು ಇವತ್ತು ಚೆನ್ನಾಗಿ ಕುಡಿದರೇ ಎಂದು ಕೇಳುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಗೊತ್ತಿದೆ. ಗೊತ್ತಿದ್ದೇ ಕೇಳುತ್ತಾರೆ, ನಾನೂ ಹೂಂ ಅನ್ನುತ್ತೇನೆ.

ಆ ಕ್ವಾರ್ಟೆ ಹುಡುಗಿ ಟೆಶಿಯ ಕ್ವಾರ್ಟೆಯವರ ಮಗಳೇ ತಾನೇ? ಅವಳ ಹೆಸರು ಇನ್ನು ಕಾಗದದಲ್ಲಿ ಬರೆಯಬೇಡ. ಅವಳ ಜೊತೆ ಜಗಳವೂ ಬೇಡ. ಈರುಳ್ಳಿ ಹೆಚ್ಚು ಎಂದರೆ ಹೆಚ್ಚು. ಯಾಕೆ ಎಂದು ಈಗ ಕೇಳಬೇಡ.

ನಿನ್ನ ತಾಯಿ

*

ವಿದ್ಯಾರ್ಥಿನಿಲಯ
6 ಏಪ್ರಿಲ್ 1997

ಅಮ್ಮಾ,

ಹೆಸರು ಬರೆಯುವುದಿಲ್ಲ. ಯಾರು ಎಂದು ನಿನಗೆ ಗೊತ್ತಾಗುತ್ತದೆ.

ಇವತ್ತು ಮಧ್ಯಾಹ್ನ ಕೋಳಿ ಊಟ, ಎಲ್ಲರೂ ಹಾಜರು. ಅರಬಾ ತನ್ನ ಮೇಜಿನಿಂದಲೇ ನನ್ನನ್ನು ಕೂಗಿ, “ಏಯ್ ಅರಮನೆ, ನಿಜ ಹೇಳಿಬಿಡೇ. ಮಾವ ಅನ್ನೋನು ಒಬ್ಬ ಇದಾನೋ, ಇಲ್ಲ ಮುದುಕ ಹೋಗೇ ಬಿಟ್ನೋ?” ಎಂದಳು. ಹೌದು ಎಂದರೂ ತಪ್ಪು, ಮುಖ ಸಪ್ಪಗಾದರೂ ತಪ್ಪು. ನಾನು ಕೋಳಿಯ ಕಾಲನ್ನೇ ನೋಡುತ್ತ ಕೂತೆ. ಅರಬಾ ಅಷ್ಟಕ್ಕೇ ಬಿಡಲಿಲ್ಲ. ಬಡಿಸುತ್ತಿದ್ದ ಆ ಹುಡುಗಿಯ ಕಡೆ ತಿರುಗಿ, “ಫ್ರಿಜ್ಜೇ, ನಿಮ್ಮಪ್ಪಂಗೆ ಗೊತ್ತಿರುತ್ತಲ್ಲ. ಇವಳ ಮಾವ ನಿಮ್ಮ ಪೆಟ್ಟಿಗೇಲಿ ಮಲಗಿದಾನೋ ಏನೋ, ಸ್ವಲ್ಪ ನೋಡಿ ಹೇಳೇ” ಎಂದಳು.

ಆ ಹುಡುಗಿ ಸೌಟನ್ನು ಪಾತ್ರೆಯೊಳಗೆ ಇಟ್ಟು, ಧ್ವನಿ ಏರಿಸದೆ ಹೇಳಿದಳು. “ನಮ್ಮಲ್ಲಿ ಯಾರು ಮಲಗಿದಾರೆ ಅಂತ ನಾನು ಯಾರಿಗೂ ಹೇಳಲ್ಲ. ನಾಳೆ ನಿಮ್ಮಪ್ಪ ಬಂದು ಮಲಗಿದ್ರೂ ಹೇಳಲ್ಲ.”

ಆಮೇಲೆ ಆದ ರಂಪ ಕೇಳಬೇಡ. ಅಪ್ಪನಿಗೆ ಸಾವಿನ ಶಾಪ ಹಾಕಿದಳು ಎಂದು ಅರಬಾ ನೆಲದ ಮೇಲೆ ಕೂತು ಅತ್ತಳು. ನಿಲಯದ ಮೇಡಂ ಬಂದು ಆ ಹುಡುಗಿಯ ಮೇಲ್ವಿಚಾರಕಿ ಬಿಲ್ಲೆ ಕಿತ್ತುಕೊಂಡರು. ಒಂದು ವಾರ ಮೈದಾನದ ಹುಲ್ಲು ಕತ್ತಿಯಿಂದ ಕೊಯ್ಯುವ ಶಿಕ್ಷೆ. ನನ್ನ ಮಾವನ ವಿಷಯ ಎಲ್ಲರಿಗೂ ಮರೆತೇ ಹೋಯಿತು.

ಅಮ್ಮಾ, ಅವಳು ಬೇಕೆಂದೇ ಹಾಗೆ ಹೇಳಿದಳು ಅನಿಸುತ್ತಿದೆ. ಅವಳಿಗೆ ಗೊತ್ತಿದೆಯೇ? ಇಷ್ಟು ದಿನವೂ ಗೊತ್ತಿತ್ತೇ? ಮೊದಲು ಕೆಣಕಿದ್ದು ಅರಬಾ ಎಂದು ನಾನು ಮೇಡಂಗೆ ಹೇಳಬಹುದಿತ್ತು. ಹೇಳಲಿಲ್ಲ. ಈಗ ಕಿಟಕಿಯಿಂದ ನೋಡಿದರೆ ಅವಳು ಬಿಸಿಲಲ್ಲಿ ಬಗ್ಗಿ ಹುಲ್ಲು ಕೊಯ್ಯುತ್ತಿರುವುದು ಕಾಣುತ್ತದೆ. ನನಗೆ ನನ್ನ ಮೇಲೇ ನಾಚಿಕೆಯಾಗುತ್ತಿದೆ.

ಮುಂದಿನ ವಾರ ರಜೆ. ಮನೆಗೆ ಬಂದಾಗ ಹೇಳು.

ದುಫಿಯೆ

*

ಎಸೆನ್‌ಕ್ರೊಮ್
30 ಮೇ 1997

ಮಗಳೇ,

ಇವತ್ತು ಬೆಳಿಗ್ಗೆ ಡಂಗುರ ಸಾರಿದರು. ಈಗ ಅಳು.

ರಜೆಯಲ್ಲಿ ನೀನು ಎರಡು ಸಲ ಕೇಳಿದೆ, ನಾನು ಎರಡು ಸಲವೂ ಮಾತು ತಿರುಗಿಸಿದೆ. ಈಗ ಹೇಳಬಹುದು. ಅಣ್ಣ ತೀರಿಕೊಂಡ ಮರುದಿನ ನಮ್ಮ ಮಾತುಗಾರರು ಟೆಶಿಗೆ ಹೋಗಿ ಕ್ವಾರ್ಟೆಯವರನ್ನು ಕಂಡರು. ಅವರು ತಮ್ಮ ಪೆಟ್ಟಿಗೆಯನ್ನು ಅಕ್ಕಿಯ ಲಾರಿಯಲ್ಲಿ ಅಡಗಿಸಿ ತಂದು, ಮೂರು ತಿಂಗಳು ತಾವೇ ಬಂದು ಹೋಗಿ ನೋಡಿಕೊಂಡರು. ಮಾತುಗಾರರು ಹೋದ ದಿನ ಆ ಹುಡುಗಿ ಹಲ್ಲುನೋವಿಗೆ ಎರಡು ದಿನ ರಜೆ ಪಡೆದು ಮನೆಯಲ್ಲಿದ್ದಳು. ಅವರಿಗೆ ನೀರು ತಂದುಕೊಟ್ಟವಳೇ ಅವಳು. ಭೇಟಿಯ ಭಾನುವಾರ ನಿಮ್ಮ ಶಾಲೆಯಲ್ಲಿ ಅವರನ್ನು ನೋಡಿದ್ದಳಲ್ಲ, ಗುರುತು ಹಿಡಿದಳು. ಬಾಯಿ ಬಿಡಬೇಡ ಎಂದು ಅವಳ ಅಪ್ಪ ಹೇಳಲು ಹೋದರಂತೆ. ಹೇಳಬೇಕಾಗಿಲ್ಲ ಅಪ್ಪಾ ಎಂದಳಂತೆ.

ನಮ್ಮ ಮನೆಯ ಗುಟ್ಟನ್ನು ನಿನ್ನಷ್ಟೇ ದಿನ ಅವಳೂ ಹೊತ್ತಿದ್ದಾಳೆ. ನೀವು ಅವಳನ್ನು ಏನೆಂದು ಕರೆಯುತ್ತೀರಿ ಎಂದು ನೀನು ಬರೆದ ಕಾಗದ ನನ್ನ ಹತ್ತಿರ ಇದೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ಜೂನ್ 21, ಶನಿವಾರ ಉತ್ತರಕ್ರಿಯೆ. ಹದಿನಾಲ್ಕನೇ ತಾರೀಖಿಗೇ ಕಾರು ಕಳಿಸುತ್ತೇನೆ.

ನಿನ್ನ ತಾಯಿ,
ಬಿರಾಗೊ

*

ಎಸೆನ್‌ಕ್ರೊಮ್
29 ಜೂನ್ 1997

ಲಮಿಲೆ,

ನಿನಗೆ ಹೇಗೆ ಬರೆಯಬೇಕೋ ಗೊತ್ತಾಗದೆ ನಾಲ್ಕು ಹಾಳೆ ಹರಿದೆ. ಡಂಗುರದ ಕಾಗದ ಬಂದಮೇಲೆ ಎರಡು ವಾರ ಶಾಲೆಯಲ್ಲೇ ಇದ್ದೆ. ದಿನಾ ನಿನ್ನನ್ನು ನೋಡಿದೆ, ದಿನಾ ಧೈರ್ಯ ಬರಲಿಲ್ಲ.

ಉತ್ತರಕ್ರಿಯೆಯ ಶನಿವಾರ ಅರಬಾ ಮತ್ತು ಉಳಿದವರು ಮೂರು ಕಾರಿನಲ್ಲಿ ಬಂದಿದ್ದರು. ಆರು ಜನಕ್ಕೂ ಶೋಕಕ್ಕೆಂದು ಒಂದೇ ಥರದ ಕೆಂಪು ಕಪ್ಪು ಬಟ್ಟೆ, ಹೊಸದಾಗಿ ಹೊಲಿಸಿದ್ದು. ಅರಬಾ ನನ್ನನ್ನು ತಬ್ಬಿಕೊಂಡು, ಹುಚ್ಚಿ, ನಮಗೆ ಒಂದು ಮಾತು ಹೇಳಬಾರದಿತ್ತೇ ಎಂದಳು. ಆಮೇಲೆ ಮಾವನ ಪೀಠದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವಳ ಮೇಜಿನಲ್ಲಿ ನನ್ನ ಜಾಗ ಖಾಲಿ ಇದೆಯಂತೆ.

ನೀನು ಬಂದದ್ದನ್ನೂ ನೋಡಿದೆ. ನಿಮ್ಮಪ್ಪನ ಕೆಲಸದವರ ಸಾಲಿನಲ್ಲಿ ಕೂತಿದ್ದೆ. ನಾನು ಅರಮನೆಯ ಹೆಂಗಸರ ನಡುವೆ ಇದ್ದೆ, ಎದ್ದು ಬರುವ ಹಾಗಿರಲಿಲ್ಲ. ಹುಡುಕಿಕೊಂಡು ಬರುವಷ್ಟರಲ್ಲಿ ನಿಮ್ಮ ಗಾಡಿ ಹೊರಟಿತ್ತು.

ಅಮ್ಮ ಎಲ್ಲ ಹೇಳಿದ್ದಾಳೆ. ಈರುಳ್ಳಿಯ ವಿಷಯ ನನಗೇ ಹೊಳೆಯಿತು, ತುಂಬ ತಡವಾಗಿ. ಆ ಹೆಸರು ಇಟ್ಟವಳು ನಾನು. ನನ್ನದು ತಪ್ಪಾಯಿತು. ಒಂದು ಮೇಜು ಸಿಕ್ಕಿತಲ್ಲ ಎಂಬ ಖುಷಿಗೆ, ಅದು ಕೈಬಿಟ್ಟು ಹೋಗದಿರಲಿ ಎಂದು ನಿನ್ನನ್ನು ಬಲಿ ಕೊಟ್ಟೆ. ನಾವಿಬ್ಬರೂ ಗೆಳತಿಯರಾಗಲು ಸಾಧ್ಯವೇ ಎಂದು ಕೇಳಲಿಕ್ಕೇ ಇಷ್ಟು ಬರೆದೆ. ಹನ್ನೊಂದನೇ ತಾರೀಖು ಶಾಲೆಗೆ ಬರುತ್ತೇನೆ.

ದುಫಿಯೆ

*

ವಿದ್ಯಾರ್ಥಿನಿಲಯ
5 ಜುಲೈ 1997

ದುಫಿಯೆ,

ನಿನ್ನ ಕಾಗದ ಬಂತು. ನಿನ್ನ ಮಾವ ಹೋದದ್ದಕ್ಕೆ ನನಗೆ ದುಃಖವಿದೆ. ಅವತ್ತು ಶಾಲೆಗೆ ಬಂದಾಗ ನೀರಿನ ನಲ್ಲಿಯ ಹತ್ತಿರ ನಿಂತಿದ್ದ ನನಗೂ ತಲೆಬಾಗಿ ನಮಸ್ಕಾರ ಮಾಡಿದ್ದರು. ನೀನು ನೋಡಿರಲಿಲ್ಲ.

ಕೆಲವು ಮಾತು ನೇರವಾಗಿ ಹೇಳುತ್ತೇನೆ. ಗುಟ್ಟು ಕಾಪಾಡಿದ್ದು ನಿನಗಾಗಿ ಅಲ್ಲ. ನಮ್ಮ ಮನೆಯಲ್ಲಿ ಅದೇ ಕೆಲಸ, ಮಾತು ಹೊರಗೆ ಹೋದರೆ ಅಪ್ಪನನ್ನು ಯಾರೂ ಕರೆಯುವುದಿಲ್ಲ. ಅರಬಾಳ ಮಾವ ಸತ್ತಿದ್ದರೂ ಹಾಗೇ ಇರುತ್ತಿದ್ದೆ. ಈರುಳ್ಳಿಯ ಮಾತು ಬೇರೆ. ಅದು ನಿನಗಾಗಿಯೇ. ನಮ್ಮಲ್ಲಿಗೆ ಬರುವವರಲ್ಲಿ ಅಳದೆ ಓಡಾಡುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವರು ಒಂದು ದಿನ ದಾರಿಯಲ್ಲೇ ಕುಸಿಯುತ್ತಾರೆ. ನೀನು ಚಪ್ಪಾಳೆ ತಟ್ಟುತ್ತಿದ್ದೆಯಲ್ಲ ಹಾಡಿನ ಸ್ಪರ್ಧೆಯ ದಿನ, ಅದನ್ನು ನನ್ನಿಂದ ನೋಡಲಾಗಲಿಲ್ಲ.

ನೀನು ಕ್ಷಮೆ ಕೇಳಿದ್ದೀಯ, ಒಳ್ಳೆಯದು. ಆದರೆ ಹೆಸರಿಟ್ಟದ್ದು ಊಟದ ಮನೆಯಲ್ಲಿ, ಮುನ್ನೂರು ಜನರೆದುರು. ಕ್ಷಮೆ ಕೇಳಿದ್ದು ಲಕೋಟೆಯಲ್ಲಿ, ಗೋಂದು ಹಚ್ಚಿ. ಇವತ್ತು ಬೆಳಿಗ್ಗೆಯೂ ಮೊದಲ ವರ್ಷದ ಒಂದು ಚಿಕ್ಕ ಹುಡುಗಿ ನನ್ನನ್ನು ಫ್ರಿಜ್ ಅಕ್ಕ ಎಂದು ಕರೆದಳು. ಪಾಪ, ಅದೇ ನನ್ನ ಹೆಸರು ಎಂದುಕೊಂಡಿದ್ದಾಳೆ.

ಗೆಳತಿಯರಾಗುವುದರ ಬಗ್ಗೆ ನೀನು ಬಂದಮೇಲೆ ನೋಡೋಣ.

ಲಮಿಲೆ ಕ್ವಾರ್ಟೆ

*

ವಿದ್ಯಾರ್ಥಿನಿಲಯ
13 ಜುಲೈ 1997

ಅಮ್ಮಾ,

ಶುಕ್ರವಾರ ಕ್ಷೇಮವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಹುರಿದ ಬಾಳೆಕಾಯಿ ದಾರಿಯಲ್ಲೇ ಮುಗಿಯಿತು, ಡ್ರೈವರ್ ಪಾಲೇ ಹೆಚ್ಚು.

ಇವತ್ತು ಮಧ್ಯಾಹ್ನ ಊಟಕ್ಕೆ ಹೋದಾಗ ಅರಬಾ ಕೈಬೀಸಿ ಕರೆದಳು. ಜಾಗ ನಿಜವಾಗಿಯೂ ಖಾಲಿ ಇತ್ತು, ನನ್ನ ತಟ್ಟೆಯನ್ನೂ ಇಟ್ಟಿದ್ದರು. ಲಮಿಲೆ ಕೊನೆಯ ಮೇಜಿನಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ನಾನು ಎರಡರ ನಡುವೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅರಬಾಳ ಮೇಜು ಬಿಟ್ಟರೆ ಇನ್ನೊಂದು ವರ್ಷ ಗೋಡೆಯೇ ಗತಿ, ಲಮಿಲೆ ಸೇರಿಸಿಕೊಳ್ಳುತ್ತಾಳೆ ಎಂಬ ಖಾತ್ರಿಯೂ ಇಲ್ಲ.

ನಾನು ಒಂದು ಬೆಂಚಿನ ಮೇಲೆ ಹತ್ತಿ ನಿಂತೆ. ಎಲ್ಲರೂ ತಿರುಗಿದರು. ಕ್ವಾರ್ಟೆಗೆ ಆ ಹೆಸರು ಇಟ್ಟವಳು ನಾನು, ನಿಮ್ಮನ್ನು ನಗಿಸಿ ನಿಮ್ಮ ನಡುವೆ ಜಾಗ ಗಿಟ್ಟಿಸಲು ಇಟ್ಟೆ, ಅದು ಕೆಟ್ಟ ಕೆಲಸ, ಅವಳ ಹೆಸರು ಲಮಿಲೆ ಎಂದು ಹೇಳಿದೆ. ಅರಬಾಳ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅರಬಾ ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಲಮಿಲೆ ತಲೆ ಎತ್ತಿ, “ಈ ಕಡೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳು” ಎಂದಳು.

ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಅಡುಗೆಯವರೂ ಬಾಗಿಲಿಗೆ ಬರುವಷ್ಟು ಗಟ್ಟಿಯಾಗಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಏನು ಮಾಡಬೇಕೋ ತಿಳಿಯದೆ ಬೆಂಚಿನ ಮೇಲೇ ನಿಂತಿದ್ದೆ. ಬೆಂಚು ಅಲುಗಾಡುತ್ತಿತ್ತು. ಲಮಿಲೆ ಎದ್ದು ಬಂದು ಬೆಂಚನ್ನು ಹಿಡಿದುಕೊಂಡಳು.

“ಸಾಕು, ಇಳಿ” ಎಂದಳು. “ಬಿದ್ದುಗಿದ್ದೀಯ. ಭಾನುವಾರ ನಮ್ಮಪ್ಪ ಕೆಲಸ ಮಾಡಲ್ಲ.”

ಅಮ್ಮಾ, ಮಾವ ಹೋದ ಮೇಲೆ ನಾನು ನಿಜವಾಗಿ ನಕ್ಕದ್ದು ಇವತ್ತೇ. ಅವಳೂ ನಕ್ಕಳು.

ನಿನ್ನ ಮಗಳು,
ದುಫಿಯೆ